ಹತ್ತಿಯ ದರ, ಮೆಣಸಿನಕಾಯಿಯ ದರ, ಕೂಲಿಯ ದರ

ದರ ಏರಿತು, ದರ ಬಿತ್ತು ಎಂದು ಬರೆದವರೆಲ್ಲ ಹೊಲ ಇದ್ದವರ ಕಥೆ, ಅಂಗಡಿ ಇದ್ದವರ ಕಥೆ ಬರೆದಿದ್ದಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಕೇರಿಗಳಿಂದ ಬಂದ ನಾವು ಈ ಚರಿತ್ರೆಯನ್ನು ಕೂಲಿಯ ಕಡೆಯಿಂದ ಓದಬೇಕಾಗಿದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಕರಿಯರನ್ನು ಗುಲಾಮರಾಗಿ ದುಡಿಸಿ ಬೆಳೆದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರದಾಯಿತು. ಗಿರಣಿ ಮಾಲೀಕರ ಕಣ್ಣು ಮುಂಬಯಿ ಇಲಾಖೆಯ ಮೇಲೆ ಬಿತ್ತು, ಅದರೊಳಗೆ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಎರಿ ಹೊಲಗಳೂ ಇದ್ದವು. ಹತ್ತಿಯ ದರ ಹಲವು ಪಟ್ಟು ಏರಿತು. ಜೋಳ ಬಿತ್ತುವ ಹೊಲಕ್ಕೂ ಹತ್ತಿ ಬಂತು. ಕಣದಾಗ ಜೋಳದ ರಾಶಿ ಇದ್ದರಲ್ಲವೇ ಕೇರಿಗೆ ಆಯ? ಹತ್ತಿ ತಿಂದು ಬದುಕಾಕ ಬರತೈತೇನು? ಲಾಭ ಹೊಲ ಇದ್ದವರಿಗೆ, ದಲ್ಲಾಳಿಗಳಿಗೆ ಹೋಯಿತು. ತುಟ್ಟಿಯಾದ ಜೋಳ ನಮ್ಮ ಪಾಲಿಗೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಮುರಿದು ಬಿತ್ತು.

1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಬರ. ಕಾಳು ಪೂರಾ ಇಲ್ಲವೆಂದಲ್ಲ. ಆ ದರಕ್ಕೆ ಕೊಳ್ಳುವ ಕಾಸು ಕೂಲಿಯವನ ಕೈಯಲ್ಲಿ ಇರಲಿಲ್ಲ. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದು ಎಂಬುದು ವೈಸರಾಯ್ ಲಿಟನ್ನನ ನೀತಿ. ಅವನು ಕಳಿಸಿದ ರಿಚರ್ಡ್ ಟೆಂಪಲ್, 1877ರ ಜನವರಿಯಲ್ಲಿ, ಬರದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು ಸಾಕೆಂದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಕೂಲಿಗಳು ಇದಕ್ಕೆ ಒಪ್ಪಲಿಲ್ಲ, ಕೆಲಸ ಬಿಟ್ಟು ಎದ್ದು ಹೊಂಟರು. ಹಸಿದವರೇ ಮುಷ್ಕರ ಹೂಡಿದ ಈ ಸಂಗತಿಯನ್ನು ನಾವು ಓದಿದ ಯಾವ ಪಾಠವೂ ಹೇಳಲಿಲ್ಲ.

ಈಗ ಬ್ಯಾಡಗಿಗೆ ಬರೋಣ. 2024ರ ಮಾರ್ಚ್ 11, ಸೋಮವಾರ. ಪೇಟೆಗೆ 3 ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಬಂದಿತ್ತು. ದರ ಕ್ವಿಂಟಲ್‌ಗೆ ಸಾವಿರಾರು ರೂಪಾಯಿ ಕುಸಿಯಿತು. ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ವರ್ಷದ ದುಡಿಮೆಯ ಬೆಲೆಯನ್ನು ಒಂದು ದಿನದ ಟೆಂಡರ್ ಗೊತ್ತುಮಾಡುವಾಗ ಸಿಟ್ಟು ಬರದೆ ಇರುತ್ತದೆಯೇ? ಆದರೆ ಅದೇ ಊರಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು, ಘಾಟಿನೊಳಗೆ ಕೂತು ಕಾಯಿಯ ತೊಟ್ಟು ಬಿಡಿಸುವ ಅವ್ವಂದಿರ ಸುದ್ದಿ ಯಾರು ಬರೆದರು? ಅವರ ಕೂಲಿ ಕಿಲೋ ಲೆಕ್ಕದ್ದು. ಮೆಣಸಿನಕಾಯಿಯ ದರ ಏರಿತೆಂದು ಅದು ತಾನಾಗಿ ಏರುವುದಿಲ್ಲ. ಪೇಟೆ ಬಂದ್ ಆದರೆ ಅದೂ ಬಂದ್.

2025ರಲ್ಲಿ ಆಂಧ್ರದ ಮೆಣಸಿನಕಾಯಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 11,781 ರೂಪಾಯಿ ಎಂದು ದರ ಗೊತ್ತುಮಾಡಿತು. ನಮ್ಮ ರೈತರಿಗೂ ಬೆಂಬಲದ ದರ ಬೇಕು, ಅವರ ಜೊತೆ ನಿಂತು ನಾವೂ ಕೇಳೋಣ. ಆದರೆ ಅದು ಪಹಣಿ ತೋರಿಸಿದವರಿಗೆ ಸಿಗುವಂಥದ್ದು, ಕೇರಿಯಲ್ಲಿ ಪಹಣಿ ಎಷ್ಟು ಮಂದಿಗಿದೆ? ಬ್ಯಾಡಗಿಯ ದರಪಟ್ಟಿಯಲ್ಲಿ ಕಡ್ಡಿಗೆ ಒಂದು ಸಾಲು, ಡಬ್ಬಿಗೆ ಒಂದು, ಗುಂಟೂರಿಗೆ ಒಂದು. ತೊಟ್ಟು ಬಿಡಿಸುವ ಕೂಲಿಯನ್ನೂ ಅದರ ಕೆಳಗೆ ದಿನಾ ಬರೆಯಿರಿ ಎಂದು ಕೇಳುತ್ತೇವೆ.