ಆನ್‌ಲೈನ್ ಮಾರಾಟ ಖಾತೆ ಮತ್ತು ಫಿಶಿಂಗ್ ಇಮೇಲ್

ಫಿಶಿಂಗ್ ಎಂಬುದು ನಂಬಿಕೆಗೆ ಪಾತ್ರವಾದ ಸಂಸ್ಥೆಯ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ ಪಾಸ್‌ವರ್ಡ್, ಒಟಿಪಿ, ಬ್ಯಾಂಕ್ ವಿವರ ಮೊದಲಾದ ಗೌಪ್ಯ ಮಾಹಿತಿಯನ್ನು ಕದಿಯುವ ವಂಚನೆಯಾಗಿದೆ. ಅಂತರಜಾಲದ ಮೂಲಕ ಸರಕು ಮಾರುವವರಿಗೆ ಇದು ಸಾಮಾನ್ಯವಾಗಿ ಮಾರಾಟ ಜಾಲತಾಣ, ಬ್ಯಾಂಕ್ ಅಥವಾ ತೆರಿಗೆ ಇಲಾಖೆಯಿಂದ ಬಂದಂತೆ ತೋರುವ ಇಮೇಲ್ ರೂಪದಲ್ಲಿ ಬರುತ್ತದೆ. ಇಮೇಲ್‌ನಲ್ಲಿ ಕಾಣುವ ಲಾಂಛನ, ಭಾಷೆ ಮತ್ತು ಕಳುಹಿಸಿದವರ ಹೆಸರನ್ನು ನಕಲು ಮಾಡಲು ಸಾಧ್ಯ. ಆದ್ದರಿಂದ ಇಮೇಲ್ ಅನ್ನು ಬದಿಗಿಟ್ಟು, ಸ್ವಂತ ಖಾತೆಯನ್ನು ನೇರವಾಗಿ ತೆರೆದು ನೋಡುವುದೇ ಅದರ ನೈಜತೆಯನ್ನು ತಿಳಿಯುವ ಹೆಚ್ಚು ವಿಶ್ವಾಸಾರ್ಹ ವಿಧಾನವಾಗಿದೆ.

ಹಿನ್ನೆಲೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಅಡಿಕೆ, ಕಾಫಿ, ಕಾಳುಮೆಣಸು ಮತ್ತು ಏಲಕ್ಕಿ ಬೆಳೆಯುವ ಮಲೆನಾಡು ಪ್ರದೇಶಗಳಾಗಿವೆ. ಈ ಭಾಗದ ಅಡಿಕೆ ವಹಿವಾಟು ಬಹುಮಟ್ಟಿಗೆ ಮಂಡಿಗಳು ಹಾಗೂ 1939ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದ ಮಾಮ್‌ಕೋಸ್‌ನಂತಹ ಸಹಕಾರಿ ಸಂಸ್ಥೆಗಳ ಮೂಲಕ ನಡೆಯುತ್ತದೆ. ಅಲ್ಲಿ ಬೆಳೆಗಾರನಿಗೆ ವ್ಯವಹರಿಸುವವರ ಮುಖಪರಿಚಯವಿರುತ್ತದೆ. ತೂಕದ ಚೀಟಿ ಕೈಗೆ ಸಿಗುತ್ತದೆ. ಜೇನುತುಪ್ಪ, ಕಾಫಿ ಪುಡಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮುಂತಾದ ಉತ್ಪನ್ನಗಳನ್ನು ಆನ್‌ಲೈನ್‌ನಲ್ಲಿ ಮಾರುವಾಗ ಈ ಪರಿಚಯ ಇರುವುದಿಲ್ಲ. ಬೇಡಿಕೆ, ಪಾವತಿ ಮತ್ತು ದೂರುಗಳೆಲ್ಲ ಒಂದು ಖಾತೆ ಹಾಗೂ ಅದಕ್ಕೆ ಜೋಡಿಸಿದ ಇಮೇಲ್ ಮೂಲಕವೇ ಸಾಗುತ್ತವೆ. ಖಾತೆ ವಂಚಕರ ವಶವಾದರೆ ಮಾರಾಟದ ಹಣ ಜಮೆಯಾಗಬೇಕಾದ ಬ್ಯಾಂಕ್ ಖಾತೆಯ ಸಂಖ್ಯೆಯನ್ನೇ ಅವರು ಬದಲಿಸಬಹುದು.

ಸಾಮಾನ್ಯ ಸ್ವರೂಪಗಳು

* ಖಾತೆ ಸ್ಥಗಿತದ ಎಚ್ಚರಿಕೆ: 24 ಗಂಟೆಯೊಳಗೆ ದಾಖಲೆ ದೃಢೀಕರಿಸದಿದ್ದರೆ ಖಾತೆ ಮುಚ್ಚಲಾಗುವುದು ಎಂಬ ಸಂದೇಶ. ಮಳೆಗಾಲದಲ್ಲಿ ವಿದ್ಯುತ್ ಮತ್ತು ಮೊಬೈಲ್ ಸಂಪರ್ಕ ಕಡಿತಗೊಳ್ಳುವ ಊರುಗಳಲ್ಲಿ ಇಂತಹ ಗಡುವು ಹೆಚ್ಚು ಆತಂಕ ಹುಟ್ಟಿಸುತ್ತದೆ.
* ತಡೆಹಿಡಿದ ಪಾವತಿ: ಖರೀದಿದಾರರು ಹಣ ಕಳುಹಿಸಿದ್ದಾರೆ, ಅದನ್ನು ಬಿಡುಗಡೆ ಮಾಡಲು ಶುಲ್ಕ ಕಟ್ಟಬೇಕು ಅಥವಾ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು ಎಂಬ ಸಂದೇಶ. ಯುಪಿಐ ವ್ಯವಸ್ಥೆಯಲ್ಲಿ ಹಣ ಪಡೆಯಲು ಪಿನ್ ನಮೂದಿಸುವ ಅಗತ್ಯವಿಲ್ಲ. ಪಿನ್ ನಮೂದಿಸಿ ಒಪ್ಪಿಗೆ ನೀಡಿದರೆ ಹಣ ಖಾತೆಯಿಂದ ಹೊರಹೋಗುತ್ತದೆ.
* ತೆರಿಗೆ ನೋಟಿಸು: ಜಿಎಸ್‌ಟಿ ಬಾಕಿ ಇದೆಯೆಂದು ಹೇಳಿ ಕಡತವನ್ನು ತೆರೆಯಲು ಸೂಚಿಸುವ ಸಂದೇಶ.

ಮಾಹಿತಿಯ ಮೂಲ

ಸಂದೇಶದಲ್ಲಿ ಮಾರಾಟಗಾರರ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಸರಿಯಾಗಿದ್ದರೂ ಅದು ನೈಜತೆಗೆ ಪುರಾವೆಯಲ್ಲ. ಜಿಎಸ್‌ಟಿ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ಹಾಕಿ ಯಾರಾದರೂ ವ್ಯವಹಾರದ ಹೆಸರು ಮತ್ತು ಮುಖ್ಯ ಸ್ಥಳವನ್ನು ನೋಡಬಹುದು. ಕಾನೂನುಮಾಪನ ಶಾಸ್ತ್ರದ ಪೊಟ್ಟಣ ಸರಕುಗಳ ನಿಯಮಗಳು, 2011ರ ಪ್ರಕಾರ ಗ್ರಾಹಕರು ದೂರು ನೀಡಬೇಕಾದ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಇಮೇಲ್ ವಿಳಾಸವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಹೀಗೆ ಒಂದು ಜೇನುತುಪ್ಪದ ಬಾಟಲಿಯ ಚೀಟಿಯೇ ವಂಚಕರಿಗೆ ಬೇಕಾದ ವಿವರಗಳನ್ನು ಒದಗಿಸಬಲ್ಲದು.

ಗುರುತಿಸುವ ವಿಧಾನ

ಕಳುಹಿಸಿದವರ ಹೆಸರಿಗಿಂತ ಅದರ ಹಿಂದಿರುವ ಪೂರ್ಣ ಇಮೇಲ್ ವಿಳಾಸ ಮುಖ್ಯ. ಕೊಂಡಿಯೊಂದರಲ್ಲಿ ಡೊಮೇನ್ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ಉದಾಹರಣೆಗೆ, 'ಅಂಗಡಿ ಡಾಟ್ ಪಾವತಿಸಹಾಯ ಡಾಟ್ ಕಾಮ್' ಎಂಬ ವಿಳಾಸವು 'ಪಾವತಿಸಹಾಯ' ಎಂಬ ಡೊಮೇನ್ ಪಡೆದವರ ಹಿಡಿತದಲ್ಲಿರುತ್ತದೆ. ಅದಕ್ಕೂ 'ಅಂಗಡಿ' ಎಂಬ ಸಂಸ್ಥೆಗೂ ಸಂಬಂಧವಿರಬೇಕೆಂದಿಲ್ಲ. ಬ್ರೌಸರ್‌ನಲ್ಲಿ ಕಾಣುವ ಬೀಗದ ಚಿಹ್ನೆ ಸಂಪರ್ಕವು ಗೂಢಲಿಪೀಕರಣಗೊಂಡಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ವಂಚಕರ ತಾಣಕ್ಕೂ ಆ ಚಿಹ್ನೆ ಇರಬಹುದು.

ಎಸ್‌ಪಿಎಫ್, ಡಿಕೆಐಎಂ ಮತ್ತು ಡಿಮಾರ್ಕ್ ಎಂಬ ತಾಂತ್ರಿಕ ಪರೀಕ್ಷೆಗಳು ಇಮೇಲ್ ತಾನು ಹೇಳಿಕೊಳ್ಳುವ ಡೊಮೇನ್‌ನಿಂದಲೇ ಬಂದಿದೆಯೇ ಎಂದು ಪರಿಶೀಲಿಸುತ್ತವೆ. ವಂಚಕರು ತಾವೇ ನೋಂದಾಯಿಸಿದ ಹೋಲಿಕೆಯ ಡೊಮೇನ್‌ನಿಂದ ಕಳುಹಿಸಿದ ಇಮೇಲ್ ಕೂಡ ಈ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಬಹುದು. ಕಾಗುಣಿತದ ತಪ್ಪುಗಳನ್ನು ನೋಡಿ ವಂಚನೆಯನ್ನು ಗುರುತಿಸುವ ಹಳೆಯ ಕ್ರಮವೂ ಸಾಲದು. ತಪ್ಪಿಲ್ಲದ ಭಾಷೆಯಲ್ಲಿಯೂ ಇಂತಹ ಸಂದೇಶಗಳು ಬರುತ್ತವೆ.

ಹೀಗಾಗಿ ಇಮೇಲ್‌ನಲ್ಲಿರುವ ಕೊಂಡಿ ಅಥವಾ ದೂರವಾಣಿ ಸಂಖ್ಯೆಯನ್ನು ಬಳಸದೆ, ಅಧಿಕೃತ ಆ್ಯಪ್ ಅಥವಾ ತಾವೇ ಟೈಪಿಸಿದ ವಿಳಾಸದ ಮೂಲಕ ಖಾತೆಗೆ ಪ್ರವೇಶಿಸಬೇಕು. ಅಮೆಜಾನ್‌ನಂತಹ ತಾಣಗಳಲ್ಲಿ ಖಾತೆಯೊಳಗೇ ಸಂದೇಶ ಕೇಂದ್ರವಿರುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಲಾಗಿನ್ ಆದ ನಂತರ ನೋಟಿಸುಗಳನ್ನು ನೋಡಬಹುದು. ಹಣ ಬಂದಿದೆಯೇ ಎಂಬುದನ್ನು ಬ್ಯಾಂಕ್ ಖಾತೆಯ ವಿವರದಲ್ಲಿ ನೋಡಿದ ಮೇಲೆಯೇ ಸರಕು ಕಳುಹಿಸಬೇಕು. ಭಾರತೀಯ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆ ತಮ್ಮ ಜಾಲತಾಣಗಳನ್ನು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಡೊಮೇನ್‌ಗೆ ಬದಲಿಸಲು ಸೂಚಿಸಿತ್ತು.

ಎರಡು ಹಂತದ ದೃಢೀಕರಣ ಉಪಯುಕ್ತವಾದರೂ, ನಕಲಿ ಪುಟದಲ್ಲಿ ನಮೂದಿಸಿದ ಒಟಿಪಿಯನ್ನು ವಂಚಕರು ತಕ್ಷಣವೇ ನಿಜವಾದ ತಾಣದಲ್ಲಿ ಬಳಸಬಹುದು. ಪಾಸ್‌ಕೀ ನಿರ್ದಿಷ್ಟ ಡೊಮೇನ್‌ಗೆ ಮಾತ್ರ ಕೆಲಸ ಮಾಡುವುದರಿಂದ ಈ ಅಪಾಯವನ್ನು ಕಡಿಮೆ ಮಾಡುತ್ತದೆ.

ವಂಚನೆಯ ನಂತರದ ಕ್ರಮ

ಹಣ ಕಳೆದುಕೊಂಡವರು ತಕ್ಷಣ ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಕರ್ನಾಟಕದಲ್ಲಿ ಇಂತಹ ಪ್ರಕರಣಗಳಿಗಾಗಿ ಸಿಇಎನ್ ಪೊಲೀಸ್ ಠಾಣೆಗಳಿವೆ; ಚಿಕ್ಕಮಗಳೂರಿನಲ್ಲಿಯೂ ಒಂದು ಠಾಣೆಯಿದೆ. ಮೂಲ ಇಮೇಲ್ ಅನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಳ್ಳಬೇಕು. ಪಾಸ್‌ವರ್ಡ್ ಬದಲಿಸಿ, ಇತರ ಸಾಧನಗಳಿಂದ ಖಾತೆಯನ್ನು ಲಾಗ್‌ಔಟ್ ಮಾಡಿ, ಮಾರಾಟ ಖಾತೆಯಲ್ಲಿರುವ ಬ್ಯಾಂಕ್ ವಿವರ ಹಾಗೂ ಇಮೇಲ್‌ನ ಫಾರ್ವರ್ಡ್ ವ್ಯವಸ್ಥೆ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕರು ತಾವಾಗಿಯೇ ಪಾವತಿ ವಿವರಗಳನ್ನು ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ ಆಗಿತ್ತು. ತಿಳಿಸಿದ ನಂತರದ ಅನಧಿಕೃತ ವಹಿವಾಟಿನ ನಷ್ಟವನ್ನು ಬ್ಯಾಂಕ್ ಭರಿಸಬೇಕಾಗಿತ್ತು. ಆದ್ದರಿಂದ ದೂರು ನೀಡುವಲ್ಲಿನ ವಿಳಂಬ ನೇರವಾಗಿ ನಷ್ಟವನ್ನು ಹೆಚ್ಚಿಸಬಹುದು.

ಕಾನೂನು

2005ರಲ್ಲಿ ನ್ಯಾಸ್‌ಕಾಮ್ ಹೂಡಿದ್ದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಫಿಶಿಂಗ್ ಅನ್ನು ಕಾನೂನುಬಾಹಿರ ಕೃತ್ಯವೆಂದು ಪರಿಗಣಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ಕ್ಕೆ 2008ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 66ಸಿ ಇತರರ ಪಾಸ್‌ವರ್ಡ್‌ನಂತಹ ಗುರುತಿನ ದುರ್ಬಳಕೆಗೆ, ಕಲಂ 66ಡಿ ಕಂಪ್ಯೂಟರ್ ಸಾಧನ ಬಳಸಿ ವೇಷಾಂತರದಿಂದ ಮಾಡುವ ವಂಚನೆಗೆ ಅನ್ವಯಿಸುತ್ತದೆ. ಎರಡಕ್ಕೂ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ.