ಬಳ್ಳಾರಿ ಸೀಮೆಯ ಶಿಕ್ಷಣ ಸಮೀಕ್ಷೆ (1822–26) ಮತ್ತು ಅದರ ವಿಮರ್ಶೆ

ಶಿಕ್ಷಣ ವಿಷಯಕವಾದ ಸಂಶೋಧನೆಯ ವಿಧಾನವನ್ನು ಅರಿತು ಅದರ ಬಲಾಬಲಗಳನ್ನು ತೂಗಿನೋಡುವ ಅಭ್ಯಾಸಕ್ಕೆ, ಹೊಸಪೇಟೆ, ಹಂಪಿ, ಕಂಪ್ಲಿಗಳನ್ನೊಳಗೊಂಡಿದ್ದ ಬಳ್ಳಾರಿ ಕಲೆಕ್ಟರೇಟಿನಿಂದ 1823ರ ಆಗಸ್ಟ್ 17ರಂದು ಮದರಾಸಿಗೆ ಹೋದ ವರದಿಗಿಂತ ಉಪಯುಕ್ತವಾದ ಪಾಠ ಕನ್ನಡನಾಡಿನಲ್ಲಿ ವಿರಳ. ಹಿಂದೆ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿದ್ದು ತರುವಾಯ ಮದರಾಸು ಪ್ರಾಂತದ ಗವರ್ನರನಾದ ಥಾಮಸ್ ಮನ್ರೋ, ಪ್ರಾಂತದ ವಿದ್ಯಾಭ್ಯಾಸದ ಸ್ಥಿತಿಯನ್ನು ತಿಳಿಸುವ ದಾಖಲೆ ಯಾವುದೂ ಇಲ್ಲವೆಂದು ಕಂಡು, 1822ರ ಜೂನ್ 25ರಂದು ಸಮೀಕ್ಷೆಯನ್ನು ಸೂಚಿಸಿದನು. ಬಳ್ಳಾರಿಯಿಂದ ಉತ್ತರಿಸಿದವನು ತೆಲುಗು ವ್ಯಾಕರಣವನ್ನೂ ಬರೆದಿದ್ದ ಅಲ್ಲಿನ ಕಲೆಕ್ಟರ ಎ. ಡಿ. ಕ್ಯಾಂಪ್‌ಬೆಲ್.

9,27,857 ಜನರಿಗೆ 533 ಶಾಲೆ, 6,641 ವಿದ್ಯಾರ್ಥಿಗಳು, ಅವರಲ್ಲಿ ಹುಡುಗಿಯರು 60 ಎಂಬುದು ಅವನ ಲೆಕ್ಕ. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳು, ಇಂಗ್ಲಿಷಿನವು. ಅಂಕಿಗಳಲ್ಲಿಯೇ ನಿಲ್ಲದೆ ಅವನು ಐದನೆಯ ವಯಸ್ಸಿನ ಅಕ್ಷರಾಭ್ಯಾಸವನ್ನೂ, ಮರಳಿನ ಮೇಲೆ ಬೆರಳಿನಿಂದ ತಿದ್ದುವ ಕ್ರಮವನ್ನೂ, ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವ ಮಿತವ್ಯಯದ ಪದ್ಧತಿಯನ್ನೂ ವರ್ಣಿಸಿ, ಅರ್ಥವರಿಯದ ಬಾಯಿಪಾಠವನ್ನು ನಿಂದಿಸಿದನು. ವಿದ್ಯೆಯ ಕ್ಷಯಕ್ಕೆ ದೇಶದ ಬಡತನವನ್ನೂ, ವಿಲಾಯತಿ ಬಟ್ಟೆಯಿಂದ ಕುಂದಿದ ನೇಯ್ಗೆಯನ್ನೂ ಕಾರಣವೆಂದು ಹೇಳಿದ ಭಾಗ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬನ ಲೇಖನಿಯಿಂದ ಬಂದುದಾದ್ದರಿಂದ, ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ.

ಆದರೆ ಕ್ಷಯವನ್ನು ಅಳೆಯಲು ಹಿಂದಿನ ಎಣಿಕೆಯೊಂದು ಬೇಕು. ಅದು ಅವನ ಕೈಯಲ್ಲಿರಲಿಲ್ಲ. ಮೇಲಾಗಿ ಸಾವಿರಕ್ಕೆ ಸುಮಾರು ಏಳು ಎಂಬ ಪ್ರಮಾಣ ದೊರೆಯುವುದು ವೃದ್ಧರನ್ನೂ ಶಿಶುಗಳನ್ನೂ ಸೇರಿಸಿ ಭಾಗಿಸಿದಾಗ. 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಮನ್ರೋ, ಇಡೀ ಪ್ರಾಂತದ 12,498 ಶಾಲೆಗಳ ಲೆಕ್ಕವನ್ನು ಪರಿಶೀಲಿಸುತ್ತ, ಐದರಿಂದ ಹತ್ತು ವರ್ಷದ ಗಂಡುಮಕ್ಕಳನ್ನೇ ಆಧಾರವಾಗಿಟ್ಟು, ಮನೆಯಲ್ಲಿ ಕಲಿಯುವವರನ್ನೂ ಊಹಿಸಿ ಕೂಡಿಸಿ, ಓದುವವರು ಮೂರನೆಯ ಒಂದು ಭಾಗಕ್ಕೆ ಸಮೀಪವೆಂದು ನಿರ್ಣಯಿಸಿದನು. ಮದರಾಸು ನಗರದಲ್ಲಿ ಮನೆಪಾಠದವರು 26,963 ಎಂಬ ಅಂಕಿಯನ್ನು ಮಾತ್ರ ಶಂಕಿಸಿ ಪ್ರಾಂತಕ್ಕೆಲ್ಲ ಅನ್ವಯಿಸಲಿಲ್ಲ. ತನಗೆ ಅನುಕೂಲವಾದ ಅಂಕಿಯನ್ನೇ ಶಂಕಿಸುವ ಈ ವಿವೇಕ ಆಡಳಿತಗಾರರಲ್ಲಿ ಅಪೂರ್ವವಾದುದು.

1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಭಾರತದ ಸಾಕ್ಷರತೆಯ ಇಳಿಕೆಯನ್ನು ಕುರಿತು ಆಡಿದ ಮಾತನ್ನು ಶಿಕ್ಷಣತಜ್ಞ ಫಿಲಿಪ್ ಹಾರ್ಟಾಗ್ ಆಕ್ಷೇಪಿಸಿದಾಗ ಹಳೆಯ ಲೆಕ್ಕಗಳು ಮತ್ತೆ ವಿವಾದಕ್ಕೆ ಬಂದವು. 1983ರಲ್ಲಿ ಇತಿಹಾಸಕಾರ ಧರ್ಮಪಾಲರು ಕಲೆಕ್ಟರರ ಉತ್ತರಗಳನ್ನು ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದಲ್ಲಿ ಪ್ರಕಟಿಸಿದುದರಿಂದ ಮೂಲವನ್ನೇ ಓದಿ ವಾದಿಸುವುದು ಸುಲಭವಾಯಿತು. ಆದರೆ ಓದುವಾಗ ಸೀಮೆಯ ಎಲ್ಲೆಗಳು ಬದಲಾದುದನ್ನೂ ನೆನೆಯಬೇಕು. ಅಂದಿನ ಬಳ್ಳಾರಿಯಲ್ಲಿ 1882ರಲ್ಲಿ ಬೇರ್ಪಟ್ಟ ಅನಂತಪುರವೂ ಸೇರಿತ್ತು. ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ. ಆದುದರಿಂದ 533 ಎಂಬುದನ್ನು ಇಂದಿನ ಜಿಲ್ಲೆಗಳ ಅಂಕಿಯೊಡನೆ ನೇರವಾಗಿ ಹೋಲಿಸಲಾಗದು.