ಧ್ವನಿಯುಳಿಯದ ಗಾಯಕಿ: ಧಾರವಾಡದ ಅಂಬಾಬಾಯಿ

ಸಂಗೀತಕ್ಕೂ ರಂಗಕಲೆಗಳಿಗೂ ಮೀಸಲಾದ ನಮ್ಮ ನಾಡಿನ ವಿಶ್ವವಿದ್ಯಾಲಯ ಇರುವುದು ಮೈಸೂರಿನಲ್ಲಿ. ಅದು ಹೊತ್ತಿರುವುದು ಡಾ. ಗಂಗೂಬಾಯಿ ಹಾನಗಲ್ಲರ ಹೆಸರನ್ನು. ವೀಣೆ ಶೇಷಣ್ಣನವರೂ ಬಿಡಾರಂ ಕೃಷ್ಣಪ್ಪನವರೂ ವಾಸುದೇವಾಚಾರ್ಯರೂ ಬಾಳಿ ಬೆಳಗಿದ ಊರಿನಲ್ಲಿ ಹುಬ್ಬಳ್ಳಿಯ ಹಿಂದುಸ್ತಾನಿ ಗಾಯಕಿಯ ಹೆಸರೇಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ನಾಡು ಒಂದು, ಅದರ ಶಾಸ್ತ್ರೀಯ ಸಂಗೀತ ಎರಡು. ಎರಡಕ್ಕೂ ಒಂದೇ ಸೂರಿನಡಿಯಲ್ಲಿ ಜಾಗವಿರಲಿ ಎಂದು ಉತ್ತರ ಹೇಳಬಹುದು. ಆ ಉತ್ತರಕ್ಕೆ ಇನ್ನಷ್ಟು ಬಲ ಕೊಡುವ ಸಂಗತಿಯೊಂದು ಗಂಗೂಬಾಯಿಯವರ ಮನೆಯಲ್ಲಿಯೇ ಉಂಟು. ಅವರ ತಾಯಿ ಅಂಬಾಬಾಯಿಯವರೂ ಗಾಯಕಿ. ಅವರು ಹಾಡುತ್ತಿದ್ದುದು ಕರ್ನಾಟಕ ಸಂಗೀತವನ್ನು. ಮಗಳ ಹೆಸರನ್ನು ಬಲ್ಲ ಸಾವಿರ ಮಂದಿಯಲ್ಲಿ ತಾಯಿಯ ಹೆಸರನ್ನು ಬಲ್ಲವರು ಹತ್ತು ಮಂದಿ ಸಿಕ್ಕಿದರೆ ಹೆಚ್ಚು.

ಅಂಬಾಬಾಯಿಯವರ ವಿಚಾರ ನಮಗೆ ದೊರೆಯುವುದು ಬಹುಮಟ್ಟಿಗೆ ಮಗಳ ಮಾತಿನಿಂದಲೇ. ಗಂಗೂಬಾಯಿಯವರು ಹೇಳಿ ಬರೆಯಿಸಿದ ‘ನನ್ನ ಬದುಕಿನ ಹಾಡು’ ಎಂಬ ಆತ್ಮಕಥನವನ್ನು ಓದುವವರು ಸಹಜವಾಗಿಯೇ ಗಂಗೂಬಾಯಿಯವರನ್ನು ಕಾಣಲು ಹೋಗುತ್ತಾರೆ, ಕಂಡು ಹಿಂದಿರುಗುತ್ತಾರೆ. ಬಾಗಿಲ ಮರೆಯಲ್ಲಿ ನಿಂತ ತಾಯಿಯನ್ನು ಮಾತನಾಡಿಸಿ ಬರುವವರು ಕಡಮೆ. ಸಂಗೀತದ ಚರಿತ್ರೆಯನ್ನು ನಾವು ಬರೆಯುವ ಕ್ರಮವೇ ಹಾಗೆ. ಇಂಥವರ ಗುರು ಇಂಥವರು, ಅವರ ಗುರು ಇಂಥವರು ಎಂದು ಏಣಿ ಹತ್ತುತ್ತ ಹೋಗುತ್ತೇವೆ. ತೊಟ್ಟಿಲ ಕಾಲದಲ್ಲಿ ಕಿವಿಯನ್ನು ತಿದ್ದಿದವರು ಆ ಏಣಿಯ ಯಾವ ಮೆಟ್ಟಿಲಲ್ಲಿಯೂ ಸಿಕ್ಕುವುದಿಲ್ಲ.

ಧಾರವಾಡದಲ್ಲಿ ಕರ್ನಾಟಕ ಸಂಗೀತವೆ ಎಂದು ಓದುಗರಿಗೆ ಆಶ್ಚರ್ಯವಾಗಬಹುದು. ಇಂದು ಧಾರವಾಡವೆಂದರೆ ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು, ಎಲ್ಲರೂ ಹಿಂದುಸ್ತಾನಿಯವರು. ಆದರೆ ಕಳೆದ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಎರಡು ಸಂಗೀತಗಳೂ ಕೇಳಿಬರುತ್ತಿದ್ದುವು. ಮನ್ಸೂರರಿಗೆ ಮೊದಲು ಪಾಠ ಹೇಳಿದ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಪದ್ಧತಿಯವರೆಂಬುದನ್ನು ನೆನೆದರೆ ಸಾಕು. ಧಾರವಾಡದ ಶುಕ್ರವಾರಪೇಟೆಯ ಮನೆಯಲ್ಲಿ ಅಂಬಾಬಾಯಿಯವರು ಹಾಡುತ್ತಿದ್ದುದು ಆ ಹಳೆಯ ಪ್ರವಾಹದ ನೀರು. ಅವರ ಮಗಳು ಗಾಂಧಾರಿ, ಅಂದರೆ ನಮ್ಮ ಗಂಗೂಬಾಯಿ, ಹುಟ್ಟಿದ್ದು 1913ರಲ್ಲಿ.

ಆ ವೇಳೆಗೆ ಪ್ರವಾಹ ತಿರುಗತೊಡಗಿತ್ತು. ಕಾರಣಗಳು ಹಲವು. ಧಾರವಾಡ ಆಗ ಮುಂಬಯಿ ಇಲಾಖೆಗೆ ಸೇರಿದ ಊರು. ಆಡಳಿತ, ವಿದ್ಯೆ, ವ್ಯಾಪಾರ ಎಲ್ಲಕ್ಕೂ ಮುಖ ಉತ್ತರಕ್ಕೆ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಆರಂಭಿಸಿದ ಮರಾಠಿ ಸಂಗೀತ ನಾಟಕ ಊರೂರಿಗೆ ಹಿಂದುಸ್ತಾನಿ ರಾಗಗಳ ರುಚಿಯನ್ನು ಹಂಚಿತು. ಭಾಸ್ಕರಬುವಾ ಬಖಲೆಯವರಂಥ ದೊಡ್ಡ ಗಾಯಕರು ಧಾರವಾಡದ ಟ್ರೈನಿಂಗ್ ಕಾಲೇಜಿನಲ್ಲಿ ಸಂಗೀತದ ಉಪಾಧ್ಯಾಯರಾಗಿದ್ದರು. ಇವೆಲ್ಲ ಉತ್ತರದಿಂದ ಬಂದ ಗಾಳಿ. ದಕ್ಷಿಣದಲ್ಲಿದ್ದ ನಮ್ಮ ಮೈಸೂರಿಗೂ ಈ ಬದಲಾವಣೆಯಲ್ಲಿ ಪಾಲಿತ್ತೆಂಬುದು ಸ್ವಾರಸ್ಯದ ಸಂಗತಿ.

ಮೈಸೂರಿನ ಅರಮನೆ ಕರ್ನಾಟಕ ಸಂಗೀತದ ಆಶ್ರಯಸ್ಥಾನವಾಗಿದ್ದಂತೆಯೇ ಹಿಂದುಸ್ತಾನಿಗೂ ಬಾಗಿಲು ತೆರೆದಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನರು ಈ ಆಸ್ಥಾನದಲ್ಲಿದ್ದವರು. ಅದೇ ಘರಾಣೆಯ ಫೈಯಾಜ್ ಖಾನರು ‘ಆಫ್ತಾಬ್-ಎ-ಮೌಸಿಕಿ’ ಎಂಬ ಬಿರುದನ್ನು ಪಡೆದುದು ಇಲ್ಲಿಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಕರೆಗೆ ಓಗೊಟ್ಟು ಉತ್ತರದಿಂದ ಬರುವ ವಿದ್ವಾಂಸರು ಪುಣೆ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಾಯ್ದು ಬರುವ ರೈಲುದಾರಿಯನ್ನು ಹಿಡಿಯುತ್ತಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872-1937) ಹೀಗೆ ಮೈಸೂರಿಗೆ ಬಂದುಹೋಗುವಾಗ ಧಾರವಾಡದಲ್ಲಿ ತಮ್ಮ ಸೋದರರ ಮನೆಯಲ್ಲಿ ದಿನಗಟ್ಟಲೆ ತಂಗುತ್ತಿದ್ದರು. ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಅವರಿಂದ ಕಲಿತರು. ಮೈಸೂರಿನ ದಸರೆಗೆ ಹೊರಟ ಸಂಗೀತ ದಾರಿಯಲ್ಲಿ ಧಾರವಾಡದ ನೆಲದಲ್ಲಿ ಬೀಜ ಚೆಲ್ಲುತ್ತ ಬಂದಿತು ಎಂದರೆ ಅತಿಶಯೋಕ್ತಿಯಾಗಲಾರದು.

ಅದೇ ಖಾನ್ ಸಾಹೇಬರು ಅಂಬಾಬಾಯಿಯವರ ಮನೆಗೂ ಬರುತ್ತಿದ್ದರು. ಬರುತ್ತಿದ್ದುದು ಹಾಡುವುದಕ್ಕಲ್ಲ, ಕೇಳುವುದಕ್ಕೆ. ಅಂಬಾಬಾಯಿಯವರ ಹಾಡನ್ನು ಕೇಳುವಾಗ ತಾವು ತಂಜಾವೂರಿನಲ್ಲಿರುವಂತೆ ಅನಿಸುತ್ತದೆಂದು ಅವರು ಹೇಳುತ್ತಿದ್ದರಂತೆ. ಇದನ್ನು ಮನೆಗೆ ಬಂದ ಅತಿಥಿಯ ಉಪಚಾರದ ಮಾತೆಂದು ತಳ್ಳಿಹಾಕುವಂತಿಲ್ಲ. ಹೇಳಿದವರು ಯಾರೆಂದು ನೋಡಬೇಕು. ಕರ್ನಾಟಕ ಸಂಗೀತವನ್ನು ಮನಸ್ಸಿಟ್ಟು ಅಭ್ಯಾಸ ಮಾಡಿದ ಹಿಂದುಸ್ತಾನಿ ಗಾಯಕರಲ್ಲಿ ಅಬ್ದುಲ್ ಕರೀಂ ಖಾನರು ಮೊದಲಿಗರು. ಮೈಸೂರಿನ ವಿದ್ವಾಂಸರ ನಡುವೆ ಕುಳಿತು ಕೇಳಿದವರು. ತ್ಯಾಗರಾಜರ ಕೃತಿಯನ್ನು ಹಾಡಿ ಗ್ರಾಮೊಫೋನ್ ತಟ್ಟೆಗೆ ಕೊಟ್ಟವರು. ಅವರ ಗಾಯನದಲ್ಲಿ ಸ್ವರಗಳನ್ನು ಹೆಸರಿಟ್ಟು ಹಾಡುವ ಸರಗಮ್‌ಗೆ ದೊರೆತ ಪ್ರಾಧಾನ್ಯ ದಕ್ಷಿಣದ ಸಹವಾಸದ ಫಲವೆಂದು ಬಲ್ಲವರು ಹೇಳುತ್ತಾರೆ. ಅಂಥ ಕಿವಿಯುಳ್ಳವರು ಮತ್ತೆ ಮತ್ತೆ ಬಂದು ಕೇಳಿದರೆಂದರೆ, ಆ ಮನೆಯಲ್ಲಿದ್ದುದು ಸಾಮಾನ್ಯ ವಿದ್ಯೆಯಾಗಿರಲಿಲ್ಲ.

ಇನ್ನು ಮುಖ್ಯವಾದ ಘಟನೆಗೆ ಬರೋಣ. ಮಗಳಿಗೆ ಒಲವಿದ್ದುದು ಹಿಂದುಸ್ತಾನಿಯ ಕಡೆಗೆ. ಬೀದಿಯಲ್ಲಿ ಗ್ರಾಮೊಫೋನ್ ಹಾಡಿದರೆ ಹುಡುಗಿ ಓಡಿಹೋಗಿ ನಿಂತು ಕೇಳಿ ಬರುವಳು. ಅವಳಿಗೆ ಹಿಂದುಸ್ತಾನಿಯನ್ನೇ ಕಲಿಸುವುದೆಂದು ನಿಶ್ಚಯವಾದಾಗ ಅಂಬಾಬಾಯಿಯವರು ತಮ್ಮ ಹಾಡನ್ನು ನಿಲ್ಲಿಸಿಬಿಟ್ಟರು. ಮನೆಯಲ್ಲಿ ಕರ್ನಾಟಕ ಸಂಗೀತ ಕೇಳುತ್ತಿದ್ದರೆ ಮಗಳ ಕಿವಿಯಲ್ಲಿ ಎರಡು ದಾರಿಗಳು ಬೆರೆತು, ಯಾವುದೂ ಶುದ್ಧವಾಗಿ ನೆಲೆಗೊಳ್ಳದೆ ಹೋದೀತೆಂಬ ಆತಂಕ ಅವರದು.

ಇದು ಕುರುಡು ಆತಂಕವಾಗಿರಲಿಲ್ಲ. ನಮ್ಮ ತೋಡಿಯೇ ಬೇರೆ, ಹಿಂದುಸ್ತಾನಿಯವರ ತೋಡಿಯೇ ಬೇರೆ. ನಮ್ಮ ತೋಡಿಯ ಸ್ವರಗಳಿಗೆ ಹತ್ತಿರವಾದುದು ಅವರ ಭೈರವಿ. ನಾವು ಹಿಂದೋಳವೆನ್ನುವುದು ಅವರಿಗೆ ಮಾಲಕಂಸ. ಹೆಸರಿನ ತೊಡಕು ಹಾಗಿರಲಿ, ಸ್ವರದ ನಡಿಗೆಯೇ ಭಿನ್ನ. ಕರ್ನಾಟಕ ಸಂಗೀತದಲ್ಲಿ ಸ್ವರ ಗಮಕದಿಂದ ತೂಗಿ ಬಾಳುತ್ತದೆ. ಕಿರಾಣಾ ಗಾಯಕಿಯಲ್ಲಿ ಅದು ದೀರ್ಘವಾಗಿ, ನಿಶ್ಚಲವಾಗಿ ನಿಲ್ಲಬೇಕು. ಸಿದ್ಧಹಸ್ತರಾದ ಖಾನ್ ಸಾಹೇಬರು ಇನ್ನೊಂದು ಪದ್ಧತಿಯಿಂದ ಬೇಕಾದುದನ್ನು ಆರಿಸಿಕೊಳ್ಳಬಲ್ಲರು. ಎಳೆಯ ಮಗುವಿಗೆ ಆ ವಿವೇಕವೆಲ್ಲಿಂದ ಬರಬೇಕು? ತಾಯಿಯ ದನಿಯನ್ನು ಅನುಕರಿಸುವುದು ಅದರ ಸ್ವಭಾವ. ಎರಡೂ ಪದ್ಧತಿಗಳ ಅಂತರಂಗವನ್ನು ಬಲ್ಲವರಿಗೆ ಮಾತ್ರ ಇಂಥ ಅಪಾಯ ಹೊಳೆಯುತ್ತದೆ. ಅಂಬಾಬಾಯಿಯವರು ಹಾಡು ಬಿಟ್ಟುದೂ ಸಂಗೀತಗಾರ್ತಿಯ ತೀರ್ಮಾನವೇ.

ಈ ತೀರ್ಮಾನದ ಬೆಲೆಯನ್ನು ಅಳೆಯಬೇಕಾದರೆ ಆ ಕಾಲದ ಸಮಾಜವನ್ನೂ ನೋಡಬೇಕು. ಹಾಡುವ ಹೆಣ್ಣಿಗೆ ಆಗ ಸಭೆಯಲ್ಲಿ ತಲೆದೂಗುವವರಿದ್ದರು. ಬೀದಿಯಲ್ಲಿ ಮರ್ಯಾದೆ ಕೊಡುವವರು ಕಡಮೆ. ಪಕ್ಕದ ಹಿತ್ತಿಲಿನ ಮಾವಿಗೆ ಕೈಹಾಕಿದಾಗ ಹಾಡುವವಳ ಮಗಳೆಂದು ಬೈಸಿಕೊಂಡುದನ್ನು ಗಂಗೂಬಾಯಿಯವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದವರಲ್ಲಿ ಈ ಹುಡುಗಿಯೂ ಒಬ್ಬಳು. ಹಾಡಿದ ಸಂತೋಷದ ಜೊತೆಗೆ, ಊಟದ ಎಲೆ ಎತ್ತಲು ತನಗೆ ಹೇಳಿಯಾರೆಂಬ ಅಂಜಿಕೆಯೂ ಅವಳಿಗಿತ್ತು. ಇಂಥ ಲೋಕದಲ್ಲಿ ಅಂಬಾಬಾಯಿಯವರಿಗೆ ಸ್ವಂತವೆಂದು ಹೇಳಿಕೊಳ್ಳುವಂಥ ಗೌರವವನ್ನು ತಂದುಕೊಟ್ಟುದು ಅವರ ಹಾಡು. ಅವರು ಬಿಟ್ಟುಕೊಟ್ಟುದು ಅದನ್ನೇ.

1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದಿತು. ಮಗಳ ಪಾಠಕ್ಕೆ ಅನುಕೂಲವಾಗಲೆಂಬುದೇ ಉದ್ದೇಶ. ಹುಲಗೂರ ಕೃಷ್ಣಾಚಾರ್ಯರಲ್ಲಿ ಒಂದೇ ವರ್ಷದಲ್ಲಿ ಸುಮಾರು 60 ಚೀಜುಗಳು ಪಾಠವಾದುವು. ಬಳಿಕ ಸಂಭಾವನೆಯ ವಿಷಯದಲ್ಲಿ ತಾಯಿಗೂ ಆಚಾರ್ಯರಿಗೂ ಮಾತು ಬೆಳೆದು ಆ ಪಾಠ ನಿಂತಿತು. ಅಂಬಾಬಾಯಿಯವರು ಮೂಲೆಯಲ್ಲಿ ಕಣ್ಣೀರಿಡುವ ತ್ಯಾಗಮೂರ್ತಿಯಾಗಿರಲಿಲ್ಲವೆಂದು ಇದರಿಂದಲೂ ತಿಳಿಯುತ್ತದೆ. ವಿದ್ಯೆಯ ವ್ಯವಹಾರವನ್ನು ನೇರವಾಗಿ ನಿಂತು ನಡೆಸಿದ ಹೆಣ್ಣುಮಗಳು ಅವರು. ಆಮೇಲೆ ದತ್ತೋಪಂತ ದೇಸಾಯಿಯವರ ಪಾಠ, ಅನಂತರ ಸವಾಯಿ ಗಂಧರ್ವರದು. 1932ರಲ್ಲಿ ಅಂಬಾಬಾಯಿಯವರು ತೀರಿಕೊಂಡರು. ಆಗ ಮಗಳಿಗೆ 20 ಇನ್ನೂ ತುಂಬಿರಲಿಲ್ಲ.

ಅವರು ಕಾಣದೆ ಹೋದುದೆಷ್ಟು! ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತ ಸವಾಯಿ ಗಂಧರ್ವರ ಬಳಿ ಮಗಳು ನಡೆಸಿದ ಕಠಿಣ ಸಾಧನೆಯನ್ನು ಅವರು ಕಾಣಲಿಲ್ಲ. ಮಗಳಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದುದನ್ನು ಕಾಣಲಿಲ್ಲ. ಗಂಗೂಬಾಯಿಯವರು 2009ರವರೆಗೆ ಬಾಳಿದರು. ತಾವು ಮೌನ ತಾಳಿ ಕಾಪಾಡಿದ ಕಿವಿಯಿಂದ ಎಂಥ ಸಂಗೀತ ಬೆಳೆಯಿತೆಂಬುದನ್ನು ತಿಳಿಯುವಷ್ಟು ಆಯುಸ್ಸು ತಾಯಿಗೆ ಸಿಕ್ಕಲಿಲ್ಲ.

ಇಲ್ಲಿ ಗ್ರಾಮೊಫೋನಿನ ಮಾತೊಂದನ್ನು ಹೇಳಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲ ತಟ್ಟೆಗಳಿಗೆ ಹಾಡಿದವರಲ್ಲಿ ಪ್ರಮುಖರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದುದು ಮೈಸೂರಿನಲ್ಲಿ. 1928ರಲ್ಲಿ ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು. ಆಕೆಯ ಮುಪ್ಪು ದೈನ್ಯದಲ್ಲಿ ಕಳೆದರೂ ದನಿ ಉಳಿಯಿತು, ಇಂದಿಗೂ ಕೇಳಬಹುದು. ಗಂಗೂಬಾಯಿಯವರು 1930ರ ದಶಕದ ಮೊದಲ ವರ್ಷಗಳಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳೂ ಇವೆ. ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ಗಂಡುದನಿಯಂತೆ ಗಂಭೀರವಾದ ಅವರ ಕಂಠವನ್ನು ಮಾತ್ರ ಬಲ್ಲವರು ಆ ತೆಳುವಾದ, ಎತ್ತರದ ಕಂಠವನ್ನು ಕೇಳಿದರೆ ಬೆರಗಾಗುತ್ತಾರೆ. ಮಗಳ ಎರಡು ದನಿಗಳೂ ಉಳಿದುವು. ತಾಯಿಯ ಒಂದು ದನಿಯೂ ಉಳಿಯಲಿಲ್ಲ. ತಟ್ಟೆಯ ಉದ್ಯಮ ನಮ್ಮ ದೇಶದಲ್ಲಿ 30 ವರ್ಷ ನಡೆದಿದ್ದರೂ ಧಾರವಾಡದ ಆ ಮನೆಯ ಹಾಡು ಅದರ ಕೊಳವೆಗೆ ಸಿಕ್ಕದೆಯೇ ಹೋಯಿತು.

ಈ ಕಥೆಯನ್ನು ಕೇಳಿದವರು ‘ಎಂಥ ತಾಯಿ!’ ಎಂದು ಮನಕರಗಿ ಹೇಳುತ್ತಾರೆ. ಆ ಉದ್ಗಾರ ನ್ಯಾಯವಾದುದೇ. ಆದರೆ ಅಲ್ಲಿಗೇ ನಿಂತರೆ ಅಂಬಾಬಾಯಿಯವರಿಗೆ ಎರಡನೆಯ ಬಾರಿ ಅನ್ಯಾಯ ಮಾಡಿದಂತೆ. ತಾಯಿಯ ತ್ಯಾಗವನ್ನು ಕೊಂಡಾಡುವುದು ನಮಗೆ ಸುಲಭ; ಹೆಣ್ಣು ತನ್ನ ವಿದ್ಯೆಯನ್ನು ಬಿಟ್ಟುಕೊಟ್ಟಾಗ ಹೊಗಳುವುದು ನಮಗೆ ಅಭ್ಯಾಸವಾಗಿಹೋಗಿದೆ. ಬಿಟ್ಟುಕೊಟ್ಟ ವಸ್ತು ಎಷ್ಟು ಬೆಲೆಯುಳ್ಳದ್ದೆಂದು ಕೇಳುವವರು ಕಡಮೆ. ತಂದೆಯಾದ ಗಾಯಕನೊಬ್ಬ ಮಗನಿಗಾಗಿ ತನ್ನ ಗಾಯನವನ್ನು ನಿಲ್ಲಿಸಿದ್ದರೆ ಅದನ್ನು ಸಂಗೀತಕ್ಕಾದ ನಷ್ಟವೆಂದು ಬರೆಯುತ್ತಿದ್ದೆವು. ತಾಯಿ ನಿಲ್ಲಿಸಿದಾಗ ಅದು ವಾತ್ಸಲ್ಯದ ಲೆಕ್ಕಕ್ಕೆ ಹೋಯಿತು.

ಅಷ್ಟು ಕಟ್ಟುನಿಟ್ಟು ಬೇಕಿತ್ತೆ ಎಂಬ ಪ್ರಶ್ನೆಯನ್ನೂ ಕೇಳಬಹುದು. ಕರ್ನಾಟಕ ಪಾಠದಿಂದ ಹೊರಟ ಮನ್ಸೂರರು ಹಿಂದುಸ್ತಾನಿಯ ಶಿಖರವನ್ನು ಮುಟ್ಟಲಿಲ್ಲವೆ? ಖಾನ್ ಸಾಹೇಬರ ಸಂಗೀತ ದಕ್ಷಿಣದ ಸಂಪರ್ಕದಿಂದ ಸೊರಗಿತೆ? ತಾಯಿಯ ಹಾಡನ್ನು ಕೇಳುತ್ತ ಬೆಳೆದ ಗಂಗೂಬಾಯಿ ಹೇಗಿರುತ್ತಿದ್ದರೋ ಯಾರೂ ಹೇಳಲಾರರು. ತಾಯಿ ಬೇಡವೆಂದು ಮುಚ್ಚಿದ ಬಾಗಿಲಿನಿಂದ ಒಳ್ಳೆಯದೂ ಬರಬಹುದಾಗಿತ್ತು. ಹಾಗೆಂದು ಆಕೆಯ ವಿವೇಚನೆಯನ್ನು ಹಗುರ ಮಾಡಬೇಕಾಗಿಲ್ಲ. ತಪ್ಪೋ ಸರಿಯೋ, ಕಲೆಯ ವಿಷಯದಲ್ಲಿ ಒಬ್ಬ ಕಲಾವಿದೆ ಮಾಡಿದ ನಿರ್ಧಾರವಾದ್ದರಿಂದಲೇ ಅದು ಇಂದಿಗೂ ಚರ್ಚೆಗೆ ಅರ್ಹ.

ಕನ್ನಡನಾಡಿನ ಸಂಗೀತದ ಚರಿತ್ರೆಯಲ್ಲಿ ಅಂಬಾಬಾಯಿಯವರಿಗೆ ಸಲ್ಲಬೇಕಾದುದು ಗಂಗೂಬಾಯಿಯವರ ತಾಯಿಯೆಂಬ ಅರ್ಧ ವಾಕ್ಯವಲ್ಲ. ಧಾರವಾಡದಲ್ಲಿ ಕರ್ನಾಟಕ ಸಂಗೀತ ಹಿಂದೆ ಸರಿಯುತ್ತಿದ್ದ ಕಾಲದಲ್ಲಿ ಅದನ್ನು ಉತ್ತಮ ಮಟ್ಟದಲ್ಲಿ ಹಾಡಿದವರು, ಅಬ್ದುಲ್ ಕರೀಂ ಖಾನರು ಬಂದು ಕೇಳಿದ ಗಾಯಕಿ ಎಂದು ಅವರ ಹೆಸರಿನಲ್ಲಿಯೇ ಒಂದು ಪ್ಯಾರಾ ಸಲ್ಲಬೇಕು. ಹೆಸರಾಂತ ಗಾಯಕರ ಹಿಂದೆ ಇಂಥ ತಾಯಂದಿರು, ಅಜ್ಜಿಯರು ಇನ್ನೆಷ್ಟು ಮಂದಿಯೋ. ಅವರ ಹಾಡನ್ನು ತರುವುದು ಇನ್ನು ಸಾಧ್ಯವಿಲ್ಲ. ಸಂಗೀತದ ವಿದ್ಯಾರ್ಥಿಗಳು ಹಿರಿಯ ಕಲಾವಿದರ ಚರಿತ್ರೆಯನ್ನು ಬರೆದುಕೊಳ್ಳುವಾಗ, ನಿಮ್ಮ ಗುರು ಯಾರು ಎಂದು ಕೇಳುವುದರ ಜೊತೆಗೆ ನಿಮ್ಮ ತಾಯಿ ಏನು ಹಾಡುತ್ತಿದ್ದರು ಎಂದೂ ಕೇಳಲಿ. ಗಂಗೂಬಾಯಿಯವರ ಹೆಸರಿನ ವಿಶ್ವವಿದ್ಯಾಲಯದಿಂದಲೇ ಆ ಪದ್ಧತಿ ಆರಂಭವಾದರೆ ತುಂಬ ಉಚಿತವಾದೀತು.